ಅಳಿಯಂದಿರ ಗಾಡಿ

ಏನು ಕೆಲಸ ಮಾಡಿಕೊಂಡಿದ್ದಿರಿ ಎಂದು ಯಾರಾದರೂ ಕೇಳಿದರೆ, ವಾಹನ ತಯಾರಿಸುವ ಕಂಪನಿಯಲ್ಲಿ ಇಂಜಿನಿಯರ್ ಆಗಿದ್ದೆ ಎನ್ನುತ್ತೇನೆ. ಸುಳ್ಳಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ಬಾಯಿ ತುಂಬ ಹೊಗಳಿಯೇ ಕಳಿಸಿಕೊಟ್ಟರು. ಆದರೆ ಅಷ್ಟು ವರ್ಷಗಳಲ್ಲಿ ಇದು ನನ್ನದು ಎಂದು ಎದೆ ತಟ್ಟಿ ಹೇಳಬಹುದಾದ ಗಾಡಿ ಮಾಡಿದ್ದು ಒಂದೇ ಒಂದು. ಮಾರಾಟಕ್ಕೆ ಬಂದು ಒಂದು ಸುಗ್ಗಿ ಕಳೆಯುವಷ್ಟರಲ್ಲಿ ಅದರ ತಯಾರಿಕೆಯೇ ನಿಂತಿತು. ಅದನ್ನು ಹಾಳು ಮಾಡಿದವರು ವೈರಿಗಳಾಗಿದ್ದರೆ ಬೈದಾದರೂ ಹಗುರಾಗುತ್ತಿದ್ದೆ. ನನ್ನ ಮೇಲೆ ಜೀವ ಇಟ್ಟುಕೊಂಡವರೇ ಹಾಳು ಮಾಡಿದರು. ಇವತ್ತಿಗೂ ನೆನೆಸಿಕೊಂಡರೆ ಸಂಕಟವಾಗುತ್ತದೆ. ಹಾಗೆಂದು ಅವರನ್ನು ಬೈಯಲು ಬಾಯಿ ಬರುವುದಿಲ್ಲ.

ನಮ್ಮೂರು ಹಾವೇರಿ. ಅಪ್ಪನದು ಬಸ್ ಸ್ಟ್ಯಾಂಡ್ ಹತ್ತಿರ ಸೈಕಲ್ ರಿಪೇರಿ ಅಂಗಡಿ. ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಮುಗಿಸಿ ನಾನು ಕೆಲಸಕ್ಕೆ ಸೇರಿದ್ದು ಎಂಬತ್ತರ ದಶಕದ ಶುರುವಿನಲ್ಲಿ, ರಾಣೆಬೆನ್ನೂರಿನ ಹೊರಗೆ ಹೆದ್ದಾರಿ ಪಕ್ಕದಲ್ಲಿದ್ದ ಒಂದು ಕಾರ್ಖಾನೆಗೆ. ಮಾಲೀಕರು ಪುಣೆಯವರು. ಇಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಮಾಡುತ್ತಿದ್ದರು, ಲಾರಿಗಳಿಗೆ ಬಾಡಿ ಕಟ್ಟುತ್ತಿದ್ದರು. ಇಡೀ ಕಾರ್ಖಾನೆಯಲ್ಲಿ ನೆಟ್ಟಗೆ ತಿರುಗುವ ಫ್ಯಾನ್ ಇದ್ದದ್ದು ಡಿಸೈನ್ ರೂಮಿನಲ್ಲಿ ಮಾತ್ರ. ಅಲ್ಲಿ ನಾಲ್ಕಾರು ಡ್ರಾಯಿಂಗ್ ಬೋರ್ಡು, ಮೂಲೆಯಲ್ಲಿ ನಕಾಶೆಯ ಪ್ರತಿ ತೆಗೆಯುವ ಯಂತ್ರ, ಅದರಿಂದ ಬರುವ ಅಮೋನಿಯಾ ವಾಸನೆ. ಬಂದವರೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು. ನನಗೆ ಆ ವಾಸನೆ ಹತ್ತಿದರೇ ಬೆಳಗಾಗುತ್ತಿತ್ತು.

ಮೊದಮೊದಲು ಬೇರೆಯವರು ಬರೆದ ನಕಾಶೆ ತಿದ್ದುವುದೇ ನನ್ನ ಕೆಲಸ. ತೂತು ಎಲ್ಲಿ ಬರಬೇಕು, ಬೋಲ್ಟು ಎಷ್ಟು ದಪ್ಪ ಇರಬೇಕು, ಅಷ್ಟೇ. ನಮ್ಮ ಮ್ಯಾನೇಜರ್ ಬೆಳಗಾವಿ ಕಡೆಯವರು, ಬಾಯಿ ಬಿಟ್ಟರೆ ಬೈಗುಳ. ಹೆಸರು ಹಿಡಿದು ಕರೆದ ನೆನಪೇ ಇಲ್ಲ. ನನ್ನನ್ನು ಊರಿನ ಹೆಸರಿನಿಂದಲೇ ಕರೆಯುತ್ತಿದ್ದರು. ಪುಣೆಯವರು ತಮ್ಮದೇ ಒಂದು ಸಣ್ಣ ಟೆಂಪೋ ಮಾಡಬೇಕು, ಇಂಜಿನ್ ಹೊರಗಿನಿಂದ ತಂದು ಉಳಿದದ್ದೆಲ್ಲ ಇಲ್ಲೇ ಕಟ್ಟಬೇಕು ಎಂದು ತೀರ್ಮಾನಿಸಿದ ದಿನ ಅವರು ನನ್ನ ಬೋರ್ಡಿನ ಹತ್ತಿರ ಬಂದು ನಿಂತರು.

"ಲೇ ಹಾವೇರಿ, ಟೆಂಪೋದ ಚಾಸಿ ನೀ ಬರೀತೀಯೇನು? ನೀ ಬರೀದಿದ್ರ ಪುಣೆದವ್ರು ಬರದು ಕಳಸ್ತಾರ. ಆಮ್ಯಾಲ ನಾವು ಇಲ್ಲಿ ನಟ್ಟು ಬಿಗೀಕೋತ ಕುಂದ್ರೂದು."

ಚಾಸಿ ಎಂದರೆ ಗಾಡಿಯ ಬೆನ್ನೆಲುಬು. ಇಂಜಿನ್ನು, ಗಾಲಿ, ಮೇಲಿನ ಡಬ್ಬಿ ಎಲ್ಲ ಕೂರುವುದು ಅದರ ಮೇಲೆ. "ಬರೀತೇನ್ರಿ ಸರ್" ಎಂದೆ. ಹೇಳಿದ ಮೇಲೆ ಕೈಯಲ್ಲಿನ ಪೆನ್ಸಿಲ್ ಕೆಳಗೆ ಬಿತ್ತು. ಅವರು ನಕ್ಕು, "ಬರಿಯೂದ್ರಾಗ ಹಿಂಗ ಬೀಳಸಬ್ಯಾಡ" ಎಂದು ಹೋದರು.

ಆ ಟೆಂಪೋ ಗೆದ್ದರೆ ನಾನು ಡಿಸೈನ್ ರೂಮಿನಲ್ಲಿ ಭದ್ರ. ಮುಂದೆ ಇನ್ನೊಂದು ಗಾಡಿ, ಮತ್ತೊಂದು ಗಾಡಿ, ಸಾಯುವವರೆಗೆ ಬರೆದುಕೊಂಡೇ ಇರಬಹುದು. ಸೋತರೆ ನಮ್ಮ ಕಾರ್ಖಾನೆಯಲ್ಲಿ ಮತ್ತೆ ಯಾರೂ ಗಾಡಿ ಬರೆಯುವುದಿಲ್ಲ, ಪುಣೆಯವರ ಬಾಗಿಲು ಮುಚ್ಚಿಯೇ ಹೋಗುತ್ತದೆ. ಇಷ್ಟು ನನಗೂ ಗೊತ್ತಿತ್ತು, ಮ್ಯಾನೇಜರಿಗೂ ಗೊತ್ತಿತ್ತು.

ಅದೇ ಹೊತ್ತಿಗೆ ನನ್ನ ಮದುವೆಯಾಗಿತ್ತು. ಹೆಣ್ಣು ಬ್ಯಾಡಗಿಯದು. ಮಾವನವರದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. ಎತ್ತರದ ಆಳು, ಬಿಳಿ ಧೋತರ, ತಲೆಗೆ ಪಟಕಾ, ಪೇಟೆಯಲ್ಲಿ ಅವರು ಹೇಳಿದ್ದೇ ಮಾತು. ಆದರೆ ನಾನು ಹೊಸ್ತಿಲಿಗೆ ಬಂದು ನಿಂತರೆ ಆ ಮನುಷ್ಯ ಎದ್ದು ನಿಲ್ಲುತ್ತಿದ್ದರು. ಸೈಕಲ್ ಅಂಗಡಿಯವನ ಮಗನಿಗೆ ಇದನ್ನೆಲ್ಲ ತಡೆದುಕೊಳ್ಳುವುದು ಕಷ್ಟ. "ಕುಂದರ್ರಿ ಮಾವಾರ" ಎಂದರೆ, "ನೀವು ಮೊದಲ ಕುಂದರ್ರಿ" ಎನ್ನುತ್ತಿದ್ದರು. ಇಬ್ಬರೂ ನಿಂತೇ ಇರುತ್ತಿದ್ದೆವು. ಒಳಗಿನಿಂದ ನನ್ನ ಹೆಂಡತಿ ಬಂದು, "ಇಬ್ರೂ ಹಿಂಗ ನಿಂತ ಇರ್ರಿ, ನಾ ಉಣ್ತೇನಿ" ಎಂದು ಛೇಡಿಸಿದಾಗಲೇ ಕೂತದ್ದು.

ಮದುವೆಯಾದ ವರ್ಷದ ದೀಪಾವಳಿಗೆ ಅವರಿಗೆ ಕೊಲ್ಲಾಪುರಿ ಚಪ್ಪಲಿ ತಂದುಕೊಟ್ಟೆ. ಅಳತೆ ತಪ್ಪಿತ್ತು, ಒಂದು ಬೆರಳು ಸಣ್ಣದಾಗಿತ್ತು. ನನಗೆ ಗೊತ್ತಾಗಲೇ ಇಲ್ಲ. ಹೋದಾಗಲೆಲ್ಲ ಅದನ್ನೇ ಮೆಟ್ಟಿಕೊಂಡು, "ಭಾಳ ಛಲೋ ಅದಾವ್ರಿ, ಕಾಲಿಗೆ ಹೂವಾಗ್ಯಾವ" ಎನ್ನುತ್ತಿದ್ದರು. ಕುಂಟುತ್ತಿದ್ದದ್ದು ವಯಸ್ಸಿಗೆ ಎಂದುಕೊಂಡಿದ್ದೆ. ಎಷ್ಟೋ ತಿಂಗಳಾದ ಮೇಲೆ ಹೆಂಡತಿ ಬಾಯಿಬಿಟ್ಟಳು. "ಅಪ್ಪಗ ಬೆರಳು ಬಾತಾವ್ರಿ. ಅಳಿಯಂದ್ರು ಕೊಟ್ಟದ್ದು ಬಿಡಬಾರದಂತ." ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಗುವ ವಿಷಯವಲ್ಲ, ಎಚ್ಚರಾಗುವ ವಿಷಯ ಅದು ಎಂದು ಆಗ ನನ್ನ ಮಂಡೆಗೆ ಹೊಳೆಯಲಿಲ್ಲ.

ಟೆಂಪೋ ತಯಾರಾಯಿತು. ಮಾರಾಟಕ್ಕೆ ಬಿಡುವ ಮೊದಲು ಯಾರಾದರೂ ನಿಜವಾದ ವ್ಯಾಪಾರಸ್ಥರ ಕೈಗೆ ಕೊಟ್ಟು, ಒಂದು ಸುಗ್ಗಿ ಪೂರ್ತಿ ದುಡಿಸಿ ನೋಡಬೇಕು. ಏನು ಮುರಿಯುತ್ತದೆ, ಎಲ್ಲಿ ಮುರಿಯುತ್ತದೆ, ಎಷ್ಟು ಹೇರಿದಾಗ ಮುರಿಯುತ್ತದೆ, ಅದು ಗೊತ್ತಾಗಬೇಕು. ಟ್ರಾಯಲ್ ಎನ್ನುವುದೇ ಮುರಿಯಲಿ ಎಂದು. ಬ್ಯಾಡಗಿಗೆ ಕೊಡೋಣ ಎಂದವನು ನಾನೇ. ಕಾರಣ ಇತ್ತು. ಒಣ ಮೆಣಸಿನಕಾಯಿ ತೂಕದಲ್ಲಿ ಏನೂ ಅಲ್ಲ, ಆದರೆ ಚೀಲದ ಮೇಲೆ ಚೀಲ ಇಟ್ಟು ಆಕಾಶಕ್ಕೆ ಏರಿಸುತ್ತಾರೆ. ಎತ್ತರ ಹೇರಿದ ಗಾಡಿ ತಗ್ಗು ದಿಣ್ಣೆಯ ರಸ್ತೆಯಲ್ಲಿ ಹೊಯ್ದಾಡಿ ಚಾಸಿಯನ್ನು ಹಿಂಡುತ್ತದೆ. ನನ್ನ ಲೆಕ್ಕವೆಲ್ಲ ತೂಕದ್ದು, ಈ ಹೊಯ್ದಾಟ ನನಗೆ ಗೊತ್ತಿರಲಿಲ್ಲ. ಅದನ್ನು ತಿಳಿಯಲು ಬ್ಯಾಡಗಿಗಿಂತ ಒಳ್ಳೆಯ ಜಾಗ ಇರಲಿಲ್ಲ. ಗಾಡಿ ಯಾರ ಅಂಗಡಿಗೆ ಎಂಬ ಪ್ರಶ್ನೆ ಬಂದಾಗ ನಾನು ಮಾವನವರ ಹೆಸರು ಹೇಳಿದೆ. ನಂಬಿಕಸ್ಥರು, ಗಾಡಿಯನ್ನು ಜೋಪಾನ ಮಾಡುತ್ತಾರೆ ಎಂದೆ. ಜೋಪಾನ ಮಾಡುವವರ ಕೈಗೇ ಕೊಡಬಾರದಿತ್ತು.

ಗಾಡಿ ಒಪ್ಪಿಸುವಾಗ ಬಿಡಿಸಿ ಬಿಡಿಸಿ ಹೇಳಿದೆ. "ಮಾವಾರ, ಏನರ ಮುರದ್ರ ಮುರದಂಗ ಇಡ್ರಿ. ಯಾರೂ ಕೈ ಹಚ್ಚಬ್ಯಾಡ್ರಿ. ಅಂಗಡಿಯಿಂದ ನನಗೊಂದು ಫೋನ್ ಮಾಡಿಸ್ರಿ, ನಾ ಬರ್ತೇನಿ."

"ಆತ್ರಿ ಅಳಿಯಂದ್ರ. ನೀವು ಹೇಳಿದಂಗ ಆಗ್ಲಿ."

ನೀಲಿ ಬಣ್ಣದ ಹೊಸ ಗಾಡಿಗೆ ಅತ್ತೆ ಕುಂಕುಮ ಹಚ್ಚಿದರು, ಗಾಲಿಯಡಿ ನಿಂಬೆಹಣ್ಣು ಇಟ್ಟರು. ಮಾವ ಓಣಿಯವರನ್ನೆಲ್ಲ ಕರೆದು ಪೇಢೆ ಹಂಚಿದರು. "ನಮ್ಮ ಅಳಿಯಂದ್ರು ಮಾಡಿದ ಗಾಡಿ" ಎಂದು ಪೇಟೆ ತುಂಬ ಹೇಳಿಕೊಂಡು ಬಂದರು. ಅಲ್ಲಿಗೇ ಟ್ರಾಯಲ್ ಕೆಟ್ಟಿತ್ತು. ಪೇಢೆ ಹಂಚಿದ ಗಾಡಿ ಮುರಿದಿದೆ ಎಂದು ಮತ್ತೆ ಅದೇ ಪೇಟೆಯಲ್ಲಿ ಯಾವ ಬಾಯಿಂದ ಹೇಳುತ್ತಾರೆ?

ಸುಗ್ಗಿ ಶುರುವಾಯಿತು. ಹಳ್ಳಿಗಳಿಂದ ಪೇಟೆಗೆ, ಪೇಟೆಯಿಂದ ಗೋದಾಮಿಗೆ, ರಾಣೆಬೆನ್ನೂರಿನ ರೈಲ್ವೆ ಸ್ಟೇಷನ್ನಿಗೆ ಟೆಂಪೋ ಓಡಿತು. ತಿಂಗಳಿಗೆ ಒಂದೆರಡು ಸಲ ನಾನು ನೋಡಲು ಹೋಗುತ್ತಿದ್ದೆ. ಮೊದಲ ಸಲ ಹಳೆಯ ಪ್ಯಾಂಟು ಹಾಕಿಕೊಂಡು, ಟಾರ್ಚು ಹಿಡಿದುಕೊಂಡು ಹೋದೆ. ಗಾಡಿಯ ಕೆಳಗೆ ನುಸುಳಿ ನೋಡಬೇಕಲ್ಲ. ಅತ್ತೆ ಬಾಗಿಲಲ್ಲೇ ತಡೆದರು.

"ಅಯ್ಯ ಶಿವನ, ಇದೇನ್ರಿ ಅವತಾರ! ಈ ಹರಕ ಪ್ಯಾಂಟ್ ಹಾಕ್ಕೊಂಡು ಗಾಡಿ ಬುಡಕ ಮಲಗ್ತೀರೇನು? ಓಣ್ಯಾಗಿನ ಮಂದಿ ಏನಂದಾರು? ಅಳಿಯನ್ನ ಕರಿಸಿ ಗ್ಯಾರೇಜ್ ಕೆಲಸಕ್ಕ ಹಚ್ಯಾರ ಅಂದಾರು!"

"ನನ್ನ ಕೆಲಸನ ಅದರಿ ಅತ್ತ್ಯಾರ."

"ಕೆಲಸ ನಿಮ್ಮ ಕಾರ್ಖಾನ್ಯಾಗ. ಇಲ್ಲಿ ನೀವು ಅಳಿಯಂದ್ರು. ಕಾಲು ತೊಳಕೋರಿ ಮೊದಲ."

ಮಾವ ಆ ಕಡೆಯಿಂದ ದನಿಗೂಡಿಸಿದರು. "ಬುಡಕ ನೋಡೂದೇನೈತ್ರಿ? ಹೆಸರಿಡೂ ಹಂಗ ಇಲ್ಲ ಗಾಡಿ."

ಕಾಲಿಗೆ ಬಿಸಿನೀರು, ಕೈಗೆ ಹೊಸ ಟವೆಲ್ಲು, ಹೋಳಿಗೆ, ಅದರ ಮೇಲೆ ತುಪ್ಪ, ಎಣ್ಣೆಗಾಯಿ, ಬಿಸಿ ರೊಟ್ಟಿ. ಉಂಡೆದ್ದ ಮೇಲೆ ಹಾಸಿಗೆ ಹಾಸಿಯೇ ಇರುತ್ತಿದ್ದರು. ಎದ್ದಾಗ ಬಸ್ಸಿನ ಹೊತ್ತು. ಟೆಂಪೋ ಮನೆಯ ಮುಂದೆ ನಿಂತಿರುತ್ತಿತ್ತು. ತೊಳೆದು, ಒರೆಸಿ, ಕನ್ನಡಿಗೆ ಚೆಂಡುಹೂವಿನ ಮಾಲೆ ಹಾಕಿ ಮದುಮಗನ ಹಾಗೆ ಮಾಡಿರುತ್ತಿದ್ದರು. ಹೊರಗಿನಿಂದ ಒಂದು ಸುತ್ತು ಹಾಕಿ, ಗಾಲಿ ಒದ್ದು ನೋಡಿ ನಾನು ಹೊರಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಆ ಮರ್ಯಾದೆ ನನಗೂ ಹಿತವಾಗಿತ್ತು. ಕಾರ್ಖಾನೆಯಲ್ಲಿ "ಲೇ ಹಾವೇರಿ", ಇಲ್ಲಿ "ಅಳಿಯಂದ್ರ".

ಟೆಂಪೋ ಓಡಿಸುತ್ತಿದ್ದವರು ಬ್ಯಾಡಗಿಯ ಒಬ್ಬ ಸಾಬರು, ಮಾವನವರ ಹತ್ತಿರ ಬಹಳ ವರ್ಷದಿಂದ ಇದ್ದವರು. ಒಂದು ಸಲ ಅವರು ಬಾಯಿ ತೆರೆದರು. "ಸಾಹೇಬ್ರ, ಹಿಂದ ಒಂದೀಟು ಕಟಕಟ ಅಂತ..."

ಮಾವ ಅಲ್ಲಿಯೇ ಇದ್ದರು. "ಏ, ಖಾಲಿ ಗಾಡಿ ಸಪ್ಪಳ ಅದು. ಹೋಗು, ಅಳಿಯಂದ್ರಿಗೆ ಎಲಿ ಅಡಕಿ ತಗೊಂಡ ಬಾ."

ಅವರು ಎಲೆ ಅಡಿಕೆ ತಂದರು. ನಾನು ಬಾಯಿಗೆ ಹಾಕಿಕೊಂಡೇ, "ಏನೋ ಅಂದ್ರೆಲ್ರಿ?" ಎಂದು ಕೇಳಿದೆ. ಅವರು ಮಾವನ ಮುಖ ನೋಡಿದರು. "ಏನಿಲ್ರಿ ಸಾಹೇಬ್ರ, ಗಾಡಿ ಛಲೋ ಐತ್ರಿ" ಎಂದರು. ನನಗೆ ಬೇಕಾಗಿದ್ದ ಮಾತೂ ಅದೇ. ಮತ್ತೆ ಕೆದಕಲಿಲ್ಲ.

ಮನೆಗೆ ಬಂದು ಖುಷಿಯಿಂದ ಹೇಳಿದರೆ ಹೆಂಡತಿ ಮುಖ ಸೊಟ್ಟ ಮಾಡಿದಳು. "ನಮ್ಮಪ್ಪನ್ನ ಕೇಳಿ ಗಾಡಿ ಪಾಸ್ ಮಾಡ್ತೀರೇನು? ಆ ಚಪ್ಲಿ ನೆನಪೈತಿಲ್ರಿ?" ಎಂದಳು. ನಾನು ನಕ್ಕು, "ಚಪ್ಲಿ ಬ್ಯಾರೆ, ಚಾಸಿ ಬ್ಯಾರೆ" ಎಂದೆ. ಅವಳ ಮಾತು ಆಗ ಕೇಳಬೇಕಿತ್ತು.

ಸುಗ್ಗಿ ಮುಗಿಯಿತು. ಗಾಡಿ ಇನ್ನಷ್ಟು ದಿನ ಓಡಲಿ ಎಂದು ಬ್ಯಾಡಗಿಯಲ್ಲೇ ಬಿಟ್ಟು, ಏನೂ ದೋಷ ಕಂಡುಬಂದಿಲ್ಲ ಎಂದು ನಾನು ವರದಿ ಕೊಟ್ಟೆ. ಮ್ಯಾನೇಜರ್ ಹುಬ್ಬೇರಿಸಿ, "ಏನೂ ಆಗಿಲ್ಲ? ಭಪ್ಪರೇ ಹಾವೇರಿ!" ಎಂದರು. ಪುಣೆಯಿಂದ ಅಪ್ಪಣೆ ಬಂತು. ಟೆಂಪೋಗಳು ಸಾಲುಹಿಡಿದು ಗೇಟಿನಿಂದ ಹೊರಗೆ ಹೋದವು. ರಾಣೆಬೆನ್ನೂರಿನ ಬೀಜದ ವ್ಯಾಪಾರಿಗಳು ಕೊಂಡರು, ಹಾವೇರಿಯ ಕಾಯಿಪಲ್ಲೆಯವರು ಕೊಂಡರು. ನಮ್ಮಪ್ಪ ಅಂಗಡಿ ಮುಂದೆ ಕೂತು, ಹೋಗುವ ನೀಲಿ ಟೆಂಪೋ ತೋರಿಸಿ ಗಿರಾಕಿಗಳಿಗೆ ಏನೋ ಹೇಳುತ್ತಿದ್ದದ್ದನ್ನು ನಾನು ದೂರದಿಂದ ನೋಡಿದ್ದೇನೆ. ನನ್ನ ಜೀವನದಲ್ಲಿ ಅಷ್ಟು ಸುಖದ ದಿನಗಳು ಮತ್ತೆ ಬರಲಿಲ್ಲ.

ಮೊದಲ ದೂರು ಬಂದದ್ದು ಹತ್ತಿ ಬಿಡಿಸುವ ಕಾಲಕ್ಕೆ. ಹತ್ತಿಯೂ ಮೆಣಸಿನಕಾಯಿಯ ಹಾಗೆಯೇ, ತೂಕ ಕಡಿಮೆ, ಎತ್ತರ ಜಾಸ್ತಿ. ಹಾವೇರಿಯ ಹತ್ತಿರ ಅಂಡಿಗೆ, ಅಂದರೆ ಹತ್ತಿ ತುಂಬಿದ ದೊಡ್ಡ ಚೀಲ, ಹೇರಿಕೊಂಡು ಹೊರಟ ಟೆಂಪೋ ದಣಿದ ಎತ್ತಿನಂತೆ ನಡುರಸ್ತೆಯಲ್ಲಿ ಹಿಂದಿನಿಂದ ಕೂತುಬಿಟ್ಟಿತು. ಹಿಂದಿನ ಪಾಟಾ, ಅಂದರೆ ಗಾಲಿಯ ಮೇಲೆ ಕುಲುಕಾಟ ತಡೆಯುವ ಉಕ್ಕಿನ ಪಟ್ಟಿಗಳು, ಚಾಸಿಗೆ ಕೂಡುವ ಜಾಗದಲ್ಲಿ ಕಬ್ಬಿಣ ಹರಿದಿತ್ತು. ದೇವರು ದೊಡ್ಡವನು, ಯಾರಿಗೂ ಪೆಟ್ಟಾಗಲಿಲ್ಲ. ಅದಾದ ಮೇಲೆ ಇನ್ನೊಂದು, ಮತ್ತೊಂದು. ಎಲ್ಲ ಅದೇ ಜಾಗದಲ್ಲಿ.

ಮ್ಯಾನೇಜರ್ ಕರೆದರು. ಈ ಸಲ ಬೈಯಲಿಲ್ಲ. ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. "ಹತ್ತಿ ಹೇರಿದ್ರ ಮುರೀತಾವ. ನಿನ್ನ ಬ್ಯಾಡಗಿ ಗಾಡಿ ಸುಗ್ಗಿ ಪೂರ್ತಿ ಮೆಣಸಿನಕಾಯಿ ಹೇರೇತಿ. ಅದ್ಯಾಕ ಮುರೀಲಿಲ್ಲ?"

ಮಧ್ಯಾಹ್ನದ ಬಸ್ಸು ಹಿಡಿದು, ಯಾರಿಗೂ ಹೇಳದೆ ಬ್ಯಾಡಗಿಗೆ ಹೋದೆ. ಮನೆಗೆ ಹೋಗಲಿಲ್ಲ, ನೇರ ಪೇಟೆಗೆ ನಡೆದೆ. ಟೆಂಪೋ ಅಂಗಡಿಯ ಪಕ್ಕದ ಸಂದಿಯಲ್ಲಿ ನಿಂತಿತ್ತು. ಇಸ್ತ್ರಿ ಮಾಡಿದ ಅಂಗಿಯಲ್ಲೇ ನೆಲಕ್ಕೆ ಬೆನ್ನು ಕೊಟ್ಟು ಕೆಳಗೆ ನುಸುಳಿದೆ. ಮೆಣಸಿನಕಾಯಿ ಧೂಳಿಗೆ ಸೀನು ಬಂದು ತಲೆ ಕಬ್ಬಿಣಕ್ಕೆ ಬಡಿಯಿತು.

ಹಿಂದಿನ ಪಾಟಾದ ಹತ್ತಿರ ತೇಪೆಯ ಮೇಲೆ ತೇಪೆ. ಒಂದು ಕಡೆ ಪಟ್ಟಿ ಹಚ್ಚಿ ವೆಲ್ಡಿಂಗ್ ಮಾಡಿಸಿದ್ದರು, ಬಿರುಕು ಅದರಾಚೆ ಸರಿದಿತ್ತು. ಅಲ್ಲಿಗೂ ಪಟ್ಟಿ, ಮತ್ತೆ ಆಚೆ ಬಿರುಕು, ಮತ್ತೆ ಪಟ್ಟಿ. ಮೊದಲು ಎಲ್ಲಿ ಹರಿಯಿತು ಎಂದು ದೇವರು ಬಂದರೂ ಹೇಳಲು ಸಾಧ್ಯವಿರಲಿಲ್ಲ. ಎಲ್ಲದರ ಮೇಲೂ ನಮ್ಮ ಕಂಪನಿಯದೇ ನೀಲಿ ಬಣ್ಣ, ಗುರುತು ಸಿಗದಷ್ಟು ಒಪ್ಪವಾಗಿ. ಕೆಳಗೆ ಮಲಗಿದಲ್ಲಿಯೇ ನನಗೆ ಅಳು ಬಂತು.

ಡ್ರೈವರ್ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಬಗ್ಗಿ ಹೇಳಿದರು. "ನಾ ಹೇಳಬೇಕಂತ ಮಾಡಿದ್ನಿರಿ ಸಾಹೇಬ್ರ. ಸಾವಕಾರ್ರು ಬ್ಯಾಡಂದ್ರು. ಅಳಿಯಂದ್ರ ಗಾಡಿ ಮುರೀತು ಅಂದ್ರ ಪ್ಯಾಟಿ ತುಂಬ ನಗತಾರ, ಲಗೂ ಹಚ್ಚಿಸ್ಕೊಂಡ ಬಾ, ಬಣ್ಣಾನೂ ಬಳಿ ಅಂದ್ರು."

ಅಷ್ಟರಲ್ಲಿ ಗಾಡಿಯ ಪಕ್ಕ ಎರಡು ಪಾದ ಬಂದು ನಿಂತವು. ಅದೇ ಕೊಲ್ಲಾಪುರಿ ಚಪ್ಪಲಿ. ಇಷ್ಟು ಹತ್ತಿರದಿಂದ ನಾನು ಅದನ್ನು ನೋಡಿದ್ದು ಅವತ್ತೇ. ಕಿರುಬೆರಳಿನ ಹತ್ತಿರ ಅಂಚನ್ನು ಚಾಕುವಿನಿಂದ ಕೊಯ್ದು ಬೆರಳಿಗೆ ಜಾಗ ಮಾಡಿಕೊಂಡಿದ್ದರು.

"ಅಳಿಯಂದ್ರ, ಹೊರಗ ಬರ್ರಿ. ಹೊಲಸು ಐತಿ ಅಲ್ಲಿ."

ಹೊರಗೆ ಬಂದೆ. ಮೈಯೆಲ್ಲ ಕೆಂಪು ಧೂಳು. "ಮಾವಾರ, ಇದೇನ್ ಮಾಡೀರಿ? ಮುರದ್ರ ಮುರದಂಗ ಇಡ್ರಿ ಅಂತ ಹೇಳಿದ್ನೋ ಇಲ್ಲೋ?"

"ನಿಮ್ಮ ಹೆಸರು ಕೆಡಬಾರದಂತ..."

"ಹೆಸರು! ಈಗ ಉಳೀತೇನ್ರಿ ಹೆಸರು? ನನ್ನ ಅನ್ನಕ್ಕ ಕಲ್ಲು ಹಾಕಿದ್ರಿ!"

ಹಮಾಲರು ಚೀಲ ಇಳಿಸಿ ನೋಡುತ್ತ ನಿಂತರು. ಅಷ್ಟು ದೊಡ್ಡ ಮನುಷ್ಯ ತಲೆ ತಗ್ಗಿಸಿ ಪಟಕಾದ ತುದಿಯಿಂದ ಹಣೆ ಒರೆಸಿಕೊಂಡರು. ಸಣ್ಣ ದನಿಯಲ್ಲಿ, "ಅದು ಇಷ್ಟಕ್ಕ ಬರತೈತಿ ಅಂತ ನನಗ ಗೊತ್ತಿದ್ದಿಲ್ರಿ" ಎಂದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಅವರ ಮುಂದೆ ದನಿ ಏರಿಸಿದ್ದು ಅದೇ ಮೊದಲು, ಅದೇ ಕೊನೆ.

ಗಾಡಿಯನ್ನು ಕಾರ್ಖಾನೆಗೆ ತರಿಸಿದರು. ತೇಪೆ ನೋಡಿದ ಮೇಲೆ ಪುಣೆಯವರಿಗೆ ಬಂದ ಸಂಶಯ ಒಂದೇ. ಮಾವನ ಮನೆಯ ಗಾಡಿ, ಅಳಿಯನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೂ ಮುಚ್ಚಿಟ್ಟು ತನ್ನ ಗಾಡಿ ಪಾಸು ಮಾಡಿಸಿಕೊಂಡಿದ್ದಾನೆ. ನಾನು ಮ್ಯಾನೇಜರಿಗೆ ಇದ್ದದ್ದು ಇದ್ದಂತೆ ಹೇಳಿದೆ. ನಾನು ಒಮ್ಮೆಯೂ ಕೆಳಗೆ ನುಸುಳಿ ನೋಡಲಿಲ್ಲ, ಅತ್ತೆ ಮಾವ ನೋಡಲು ಬಿಡಲಿಲ್ಲ, ಉಂಡು ಮಲಗಿ ಎದ್ದು ಬಂದೆ, ಅದು ನನ್ನ ಮೂರ್ಖತನ, ಮೋಸವಲ್ಲ. ಅವರು ನಂಬಿದರು. "ಮೂರ್ಖ ಅಂತ ಆದ್ರ ನಿನ್ನ ಉಳಸ್ಕೋಬಹುದು. ಗಾಡೀನೂ ಉಳಸಬಹುದು. ಎಷ್ಟು ಹೇರಿದಾಗ ಎಲ್ಲಿ ಮುರೀತು ಅಂತ ಗೊತ್ತಾದ್ರ ತಿದ್ದೂದು ಏನ್ ದೊಡ್ಡದಲ್ಲ. ಆದ್ರ ನಿನ್ನ ಮಾತು ಪುಣೆದವ್ರು ಯಾಕ ನಂಬತಾರ? ಬ್ಯಾರೆ ಯಾರರ ಹೇಳಬೇಕಲ್ಲ."

ಮಾವ ತಾವಾಗಿಯೇ ಮುಂದೆ ಬಂದರು. "ನಾ ಬಂದು ಹೇಳ್ತೇನಿ. ಅಳಿಯಂದ್ರಿಗೆ ಏನೂ ಗೊತ್ತಿದ್ದಿಲ್ಲ, ಎಲ್ಲಾ ನಾನ ಮಾಡಿಸಿದ್ದು ಅಂತ ದೊಡ್ಡ ಸಾಹೇಬ್ರ ಮುಂದ ಹೇಳ್ತೇನಿ. ನೀವು ಚಿಂತಿ ಮಾಡಬ್ಯಾಡ್ರಿ."

ಹೇಳಿದ ದಿನ ಬಂದರು. ಇಸ್ತ್ರಿ ಮಾಡಿದ ಧೋತರ, ಮೇಲೆ ಕರಿ ಕೋಟು, ಹೊಸ ಪಟಕಾ, ಕಾಲಲ್ಲಿ ಅವೇ ಚಪ್ಪಲಿ. ಸಾಹೇಬರಿಗೆಂದು ಒಂದು ಗಂಟು ಮೆಣಸಿನಕಾಯಿ ಬೇರೆ ತಂದಿದ್ದರು. ದೊಡ್ಡ ಮೇಜಿನ ಸುತ್ತ ಪುಣೆಯ ಸಾಹೇಬರು, ನಮ್ಮ ಮ್ಯಾನೇಜರ್, ಇನ್ನೂ ಎಷ್ಟೋ ಮಂದಿ. ನನ್ನನ್ನು ಮೇಜಿನಿಂದ ದೂರ, ಬಾಗಿಲ ಪಕ್ಕ ಒಂದು ಸ್ಟೂಲಿನ ಮೇಲೆ ಕೂರಿಸಿದ್ದರು. ಒಳಗೆ ಬಂದ ಮಾವ ಮೊದಲು ನೋಡಿದ್ದು ಅದನ್ನೇ. ಅವರಿಗೆ ಮೆತ್ತನೆಯ ಕುರ್ಚಿ ಕೊಟ್ಟರೂ ತಕ್ಷಣ ಕೂರಲಿಲ್ಲ. ನನ್ನ ಕಡೆ ಒಮ್ಮೆ, ಕುರ್ಚಿಯ ಕಡೆ ಒಮ್ಮೆ ನೋಡಿದರು.

ಮ್ಯಾನೇಜರ್ ಪ್ರಶ್ನೆ ಕೇಳಿದರು. ನನಗೆ ಅನುಕೂಲವಾಗಲಿ ಎಂದೇ ಕೇಳಿದರು. "ಯಜಮಾನ್ರ, ಖರೇ ಹೇಳ್ರಿ. ನಿಮ್ಮ ಅಳಿಯ ಒಮ್ಮೆರೆ ಗಾಡಿ ಬುಡಕ ನೋಡಿಲ್ಲಂತ. ನಿಮ್ಮ ಮನಿಗೆ ಬಂದು ಹೋಳಿಗಿ ಉಂಡು, ಮಲಗಿ ಎದ್ದು ಹೊಳ್ಳಿ ಬರತಿದ್ನಂತ. ಹೌದೇನ್ರಿ?"

ಯಾರೋ ಇಬ್ಬರು ಕಿಸಕ್ಕನೆ ನಕ್ಕರು.

"ಹೌದ್ರಿ" ಎಂಬ ಒಂದು ಮಾತು ಸಾಕಾಗಿತ್ತು. ಅದನ್ನು ಹೇಳಲೆಂದೇ ಅವರು ಬ್ಯಾಡಗಿಯಿಂದ ಬಸ್ಸು ಹತ್ತಿ ಬಂದಿದ್ದರು. ಮಾವನ ಮುಖ ಕೆಂಪೇರಿತು. ನಕ್ಕವರ ಕಡೆ ನೋಡಿದರು, ಸ್ಟೂಲಿನ ಮೇಲಿದ್ದ ನನ್ನನ್ನು ನೋಡಿದರು.

"ಯಾರ್ರೀ ಹಂಗಂದವ್ರು?" ಎಂದರು. ಪೇಟೆಯಲ್ಲಿ ಹರಾಜಿನ ಸವಾಲು ಕೂಗುವ ದನಿ ಅದು. "ಉಂಡು ಮಲಗಿ ಹೋಗಾಕ ನಮ್ಮ ಅಳಿಯಂದ್ರು ಅಂಥಿಂಥವ್ರಲ್ರಿ. ಬಂದಾಗೊಮ್ಮೆ ಮೊದಲ ಗಾಡಿ ಬುಡಕ. ಒಂದೊಂದು ನಟ್ಟು ಮುಟ್ಟಿ ನೋಡಿನ ಅವ್ರು ಕೈ ತೊಳಕೊಳ್ತಿದ್ರು. ಅವ್ರ ಕಣ್ಣು ತಪ್ಪಿಸಿ ಆ ಗಾಡ್ಯಾಗ ಏನೂ ನಡದಿಲ್ಲ."

ಮ್ಯಾನೇಜರ್ ಬೆಚ್ಚಿಬಿದ್ದರು. "ಮತ್ತ ಆ ವೆಲ್ಡಿಂಗು?"

"ಅದು ಮುರದಿದ್ದಕ್ಕಲ್ರಿ. ಮಾಲು ಜಾಸ್ತಿ ಹೇರತೇವಂತ ನಾವ ಬಿಗಿ ಮಾಡಿಸಿದ್ದು. ಗಾಡೀ ಬಂಗಾರದಂಥಾ ಗಾಡಿ. ಅಂಥಾ ಗಾಡಿ ಮಾಡಿದವ್ರನ್ನ ನೀವು ಬಾಗಲದಾಗ ಕುಂದ್ರಿಸೀರಿ."

ಪುಣೆಯ ಸಾಹೇಬರು ಪಕ್ಕದವರಿಂದ ಮರಾಠಿಯಲ್ಲಿ ಕೇಳಿಸಿಕೊಂಡು ತಲೆಯಾಡಿಸಿದರು. ಪ್ರತಿ ಸಲ ಕೆಳಗೆ ನುಸುಳಿ ನೋಡಿದ್ದಾನೆ, ಅಂದರೆ ಇವನಿಗೆ ಎಲ್ಲ ಗೊತ್ತಿತ್ತು, 'ಸಬ್ ಮಾಲೂಮ್ ಥಾ' ಎಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಮ್ಯಾನೇಜರ್ ಕಣ್ಣಲ್ಲೇ ಕೇಳಿದರು, ಏನಾದರೂ ಹೇಳು ಮಾರಾಯ ಎಂದು. ಏನು ಹೇಳಲಿ? ಇವರು ಸುಳ್ಳು ಹೇಳುತ್ತಿದ್ದಾರೆ ಎಂದು ಅಷ್ಟು ಜನರ ನಡುವೆ ಆ ಪಟಕಾದ ಎದುರು ಹೇಳಲೇ? ಜೀವನದಲ್ಲಿ ಅವರಿಗೆ ಯಾರೂ ಹಾಗೆ ಅಂದಿರಲಿಲ್ಲ. ಕೆಳಗೆ ನೋಡುತ್ತ ಕೂತೆ.

ಕೆಲಸದಿಂದ ತೆಗೆಯಲಿಲ್ಲ, ಮ್ಯಾನೇಜರ್ ಅಷ್ಟು ಹೊಡೆದಾಡಿ ಉಳಿಸಿದರು. ಬಿಡಿಭಾಗಗಳ ವಿಭಾಗಕ್ಕೆ ಹಾಕಿದರು. ಟೆಂಪೋ ನಿಂತಿತು. ಮಾರಿದ ಗಾಡಿಗಳನ್ನು ವಾಪಸ್ ಕರೆಸಿ, ಪಾಟಾದ ಹತ್ತಿರ ಅಂಗೈ ಅಗಲದ ಒಂದು ಉಕ್ಕಿನ ತುಂಡು ಹಚ್ಚಿಕೊಟ್ಟರು. ಆಮೇಲೆ ಅವು ವರ್ಷಗಟ್ಟಲೆ ಓಡಿದವು. ಅಂಗೈ ಅಗಲದ ಉಕ್ಕು, ಅಷ್ಟೇ ಬೇಕಾಗಿತ್ತು! ಅದು ಎಲ್ಲಿ ಬೇಕು ಎಂದು ಹೇಳಲು ನಮ್ಮ ಬ್ಯಾಡಗಿ ಗಾಡಿ ಸುಗ್ಗಿ ಪೂರ್ತಿ ಕೂಗಿಕೊಂಡಿತ್ತು. ನಾವೆಲ್ಲ ಸೇರಿ ಅದರ ಬಾಯಿ ಮುಚ್ಚಿದೆವು. ಪುಣೆಯವರು ಮತ್ತೆ ಸ್ವಂತ ಗಾಡಿಯ ಮಾತೇ ಎತ್ತಲಿಲ್ಲ. ತೊಂಬತ್ತರ ನಂತರ ದೊಡ್ಡ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವುದೇ ನಮ್ಮ ಕಾರ್ಖಾನೆಯ ಉದ್ಯೋಗವಾಯಿತು, ನಾನು ಆ ವಿಭಾಗಕ್ಕೆ ಮುಖ್ಯಸ್ಥನೂ ಆದೆ. ಸಂಬಳ ಬಂತು, ಮನೆ ಕಟ್ಟಿದೆ, ಮಕ್ಕಳು ಓದಿದರು. ದೂರಲು ಏನೂ ಇಲ್ಲ. ಡಿಸೈನ್ ರೂಮಿನ ಮುಂದೆ ಹಾದುಹೋಗುವಾಗ ಮಾತ್ರ ನಡಿಗೆ ತಾನಾಗಿ ನಿಧಾನವಾಗುತ್ತಿತ್ತು. ಇನ್ನೂ ನಾಲ್ಕು ಗಾಡಿ ಬರೆಯುವ ಶಕ್ತಿ ನನ್ನ ಕೈಯಲ್ಲಿತ್ತು. ಅದು ಹಾಗೆಯೇ ಹೋಯಿತು.

ಆ ತೇಪೆಯ ಟೆಂಪೋವನ್ನು ಕಂಪನಿ ಮಾರಲು ತೆಗೆದಾಗ ಮಾವನೇ ಕೊಂಡರು. ಕೊನೆಯವರೆಗೂ ಅದನ್ನೇ ಓಡಿಸಿದರು, ಅಳಿಯಂದಿರ ಗಾಡಿ ಎಂದೇ ಕರೆದರು. ನನಗೆ ಬಡ್ತಿ ಸಿಕ್ಕಿ ಬೇರೆ ವಿಭಾಗಕ್ಕೆ ಹೋಗಿದ್ದೇನೆ ಎಂದು ಅವರಿಗೆ ಹೇಳಿದ್ದೆವು. ಅವರು ಹಾಗೆಯೇ ನಂಬಿ ಹೋದರು.

ಆ ಮೀಟಿಂಗಿನ ದಿನ ಅವರನ್ನು ಬಸ್ಸು ಹತ್ತಿಸಲು ರಾಣೆಬೆನ್ನೂರು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಹೋಗಿದ್ದೆ. ಬ್ಯಾಡಗಿ ಬಸ್ಸು ಇನ್ನೂ ಬಂದಿರಲಿಲ್ಲ. ಕಲ್ಲಿನ ಕಟ್ಟೆಯ ಮೇಲೆ ಕೂತು ಚಹಾ ಕುಡಿದೆವು. ಅವರ ಮುಖದಲ್ಲಿ ಎಷ್ಟೋ ದಿನಗಳಿಂದ ಕಾಣದ ನಿರಾಳ ಇತ್ತು. ಕಪ್ಪು ಕೆಳಗಿಟ್ಟು, ಪಟಕಾ ಸರಿ ಮಾಡಿಕೊಂಡು ನನ್ನ ಕಡೆ ತಿರುಗಿದರು.

"ಹೆಂಗ ಹೇಳಿದ್ನಿರಿ, ಅಳಿಯಂದ್ರ? ಮೊದಲ ಬ್ಯಾರೆ ಹೇಳೂದಿತ್ತು ಖರೇ. ಆದ್ರ ಆ ಮಂದಿ ನಗೂದು ನೋಡಿ ನನಗ ತಡಕೊಳ್ಳಾಕ ಆಗಲಿಲ್ಲ. ಈಗ ಎಲ್ಲಾ ಸರಿ ಹೋಗತೈತಿಲ್ರಿ?"

ಬಸ್ಸು ಬಂತು. ನಾನು ಅವರ ಚೀಲ ಎತ್ತಿಕೊಂಡು, ಒಳಗೆ ಕಿಟಕಿ ಪಕ್ಕದ ಸೀಟು ಹಿಡಿದುಕೊಟ್ಟೆ.

"ಹೋಗತೈತ್ರಿ ಮಾವಾರ," ಎಂದೆ. "ಭಾಳ ಛಲೋ ಹೇಳಿದ್ರಿ."